ಚಿತ್ರ ನೋಡಿ ಹೊಲಿದ ಅಂಗಿ

"ಹೊಲಿ ಅಂತ ನಾನು ಹೇಳಿದ್ನಾ? ಹೇಳಿದ್ನಾ ಅಪ್ಪ? ನಿನ್ನ ಬಾಯಿಂದಾನೇ ಹೇಳು!"

ಮಗಳು ನೀಲಿ ಅಂಗಿಯನ್ನು ಕಟಿಂಗ್ ಟೇಬಲ್ಲಿನ ಮೇಲೆ ಬಿಸಾಡಿದಳು. ಅದು ಟೇಪು, ಸೀಮೆಸುಣ್ಣ ಎರಡನ್ನೂ ಸೆಳೆದುಕೊಂಡು ಆಚೆ ಬದಿಗೆ ಬಿತ್ತು. ಟೈಲರು ಮಿಷನ್ನಿನ ಮೇಲಿಂದ ಕಾಲು ತೆಗೆಯಲಿಲ್ಲ.

"ಬಟ್ಟೆ ಬಿಸಾಡಬೇಡ. ಈ ಮನೆಗೆ ಅನ್ನ ಹಾಕ್ತಿರೋದು ಬಟ್ಟೆನೇ."

"ನನಗೆ ಬೇಡ ಈ ಅಂಗಿ. ನಾನು ಇನ್ನು ಸ್ಕೌಟಿಗೆ ಹೋಗಲ್ಲ. ಎಲ್ಲರೂ ನಕ್ಕರು, ಗೊತ್ತಾ?"

"ಯಾರವನು ನಕ್ಕಿದ್ದು? ಅವರಪ್ಪ ಪ್ಯಾಂಟು ಹೊಲಿಸೋಕೆ ಇಲ್ಲಿಗೇ ಬರಬೇಕು. ಎರಡು ಕಾಲೂ ಒಂದೇ ಕಡೆ ಹೊಲಿದು ಕಳಿಸ್ತೀನಿ!"

"ನೋಡು, ಇದೇ! ಏನು ಹೇಳಿದ್ರೂ ನಿಂದು ಇದೇ!" ಎಂದು ಕಿರುಚಿದ ಮಗಳು ಅಂಗಡಿಯ ಹಿಂದಿನ ಮನೆಗೆ ಓಡಿ ಬಾಗಿಲು ದಢಾರನೆ ಹಾಕಿಕೊಂಡಳು. ಗೋಡೆಗೆ ನೇತುಹಾಕಿದ್ದ ಅರ್ಧ ಹೊಲಿದ ಕೋಟುಗಳೆಲ್ಲ ಒಮ್ಮೆ ತೂಗಾಡಿದವು.

ಟೈಲರನ ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೀದಿಯವರು ಅವನಿಗೆ 'ಬಿಸಿ ಇಸ್ತ್ರಿ' ಎಂದು ಹೆಸರಿಟ್ಟಿದ್ದರು. ಆದರೆ ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅವನ ಅಂಗಡಿಯಲ್ಲಿ ಒಂದೇ ಪದ್ಧತಿ. ಗಿರಾಕಿ ಚಿತ್ರ ತರಬೇಕು, ಅವನು ಚಿತ್ರದಲ್ಲಿದ್ದ ಹಾಗೆ ಹೊಲಿದು ಕೊಡಬೇಕು. ವಾಚ್‌ಮನ್‌ಗಳ ಭುಜದ ಪಟ್ಟಿ, ಬ್ಯಾಂಡಿನವರ ಎದೆಯ ಜರಿ, ಡ್ರೈವರುಗಳ ಜೇಬಿನ ಮೇಲಿನ ಗುರುತು, ಎಲ್ಲವೂ ಅವನ ಸೂಜಿಯಿಂದಲೇ ಬಂದಂಥವು. ಈ ಪಟ್ಟಿ ನಿನಗೆ ಹೇಗೆ ಸಿಕ್ಕಿತು ಎಂದು ಅವನು ಯಾರನ್ನೂ ಕೇಳಿದವನಲ್ಲ. ದರ್ಜಿ ಅದನ್ನೆಲ್ಲ ಕೇಳುತ್ತ ಕೂತರೆ ಬಟ್ಟೆ ಹೊಲಿಯುವವರು ಯಾರು?

ಮಗಳ ವಿಷಯದಲ್ಲೂ ಆದದ್ದು ಇಷ್ಟೇ. ಹನ್ನೊಂದು ವರ್ಷದ ಅವಳು ಸ್ಕೌಟ್ ದಳಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅಷ್ಟರಲ್ಲೇ ಮನೆಯ ಗಾಳಿ ಬದಲಾಗಿತ್ತು. ಎಬ್ಬಿಸಿದರೂ ಏಳದವಳು ಈಗ ಎಲ್ಲರಿಗಿಂತ ಮೊದಲು ಎದ್ದು ಹಾಸಿಗೆ ಮಡಿಸುತ್ತಿದ್ದಳು. ಅವನ ದಾರದ ಉಂಡೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಹುಡುಕಿದರೆ ಕುರ್ಚಿಯ ಕಾಲು, ಕಿಟಕಿಯ ಸರಳು, ಒಮ್ಮೆ ನಿದ್ದೆಯಲ್ಲಿದ್ದ ಅವನದೇ ಹೆಬ್ಬೆರಳು, ಹೀಗೆ ಎಲ್ಲೆಂದರಲ್ಲಿ ಗಂಟು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳ ಬ್ಯಾಂಡೇಜಿನ ಸುರುಳಿಯೂ ಉಳಿದಿರಲಿಲ್ಲ. ಪಕ್ಕದ ಮನೆಯ ನಾಯಿ ಮೂರು ದಿನ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಓಡಾಡಿತ್ತು. ಅದಕ್ಕೆ ಏನೂ ಆಗಿರಲಿಲ್ಲ.

ಈ ಭಾನುವಾರ ಬೆಳಿಗ್ಗೆ ಅವಳು ದಳದ ಮುಂದೆ ನಿಂತು ಪ್ರತಿಜ್ಞೆ ಹೇಳಬೇಕಾಗಿತ್ತು. ಅದನ್ನು ಹೇಳಿದ ಮೇಲೆಯೇ ಪೂರ್ತಿ ಸ್ಕೌಟು. ಅಲ್ಲಿಯವರೆಗೆ ಬರೀ ಹೊಸಬಳು. ಅದಕ್ಕಾಗಿ ಟೈಲರು ಇಡೀ ವಾರ ಬೇರೆಯವರ ಕೆಲಸ ಬದಿಗಿಟ್ಟು ಅಂಗಿ ಹೊಲಿದಿದ್ದ. ಅಳತೆ ಸರಿ, ಕಾಲರು ಸರಿ. ಆದರೆ ತೋಳು ಬೋಳು. ಮಗಳ ಸ್ಕೌಟ್ ಪುಸ್ತಕ ತೆರೆದು ನೋಡಿದರೆ ಅದರಲ್ಲಿ ಒಬ್ಬ ಹುಡುಗಿ ನಗುತ್ತ ನಿಂತಿದ್ದಳು, ತೋಳಿನ ಮೇಲೆ ಮೂರು ಬ್ಯಾಡ್ಜು. ಒಂದರಲ್ಲಿ ಅಡುಗೆ ಪಾತ್ರೆ, ಒಂದರಲ್ಲಿ ಬ್ಯಾಂಡೇಜು, ಒಂದರಲ್ಲಿ ಹಗ್ಗದ ಗಂಟು. ಚಿತ್ರ ಸಿಕ್ಕಿತಲ್ಲ, ಅವನಿಗೆ ಇನ್ನೇನು ಬೇಕು? ಮೂರನ್ನೂ ಕಸೂತಿ ದಾರದಲ್ಲಿ ತೆಗೆದು, ತೋಳಿಗೆ ಕೂರಿಸಿ, ಇಸ್ತ್ರಿ ಹೊಡೆದು ಇಟ್ಟ. ಬೆಳಿಗ್ಗೆ ಆತುರದಲ್ಲಿದ್ದ ಮಗಳು ಅಂಗಿಯನ್ನು ಕತ್ತಿನಲ್ಲಿ ತೂರಿಸಿಕೊಂಡು ಓಡಿದ್ದಳು. ತೋಳು ನೋಡಿಕೊಂಡದ್ದು ಸಾಲಿನಲ್ಲಿ ನಿಂತ ಮೇಲೆ, ಅದೂ ಪಕ್ಕದವನು "ನೀನು ಯಾವಾಗ ಅಡುಗೆ ಮಾಡಿದೆ?" ಎಂದು ಕೇಳಿದಾಗ.

ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದ ಹೆಂಡತಿ ಮೊದಲು ಮುಚ್ಚಿದ ಬಾಗಿಲನ್ನು, ಆಮೇಲೆ ಗಂಡನ ಮುಖವನ್ನು, ಕೊನೆಗೆ ನೆಲದ ಮೇಲಿದ್ದ ಅಂಗಿಯನ್ನು ನೋಡಿದಳು. ಎತ್ತಿ ತೋಳು ತಿರುಗಿಸಿದಳು.

"ರೀ, ಇವು ಅವಳು ಕಲಿತು, ಪರೀಕ್ಷೆ ಕೊಟ್ಟು ತಗೊಳ್ಳೋ ಬ್ಯಾಡ್ಜು ಕಣ್ರೀ! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರು ಅಂತ ಕೇಳಿದ್ದೆ. ಹೊಲಿದವರನ್ನ ಕಟ್ಟಿಕೊಂಡಿದ್ದೀನಿ ಅಂತ ಗೊತ್ತಿರಲಿಲ್ಲ."

"ಚಿತ್ರದಲ್ಲಿತ್ತು, ಹೊಲಿದೆ."

"ಚಿತ್ರದಲ್ಲಿ ಕಿರೀಟ ಇದ್ದಿದ್ರೆ ಅದನ್ನೂ ಇಡ್ತಿದ್ರಾ? ಅದರಲ್ಲೂ ಪ್ರಥಮ ಚಿಕಿತ್ಸೆ! ಬೆರಳಿಗೆ ಸೂಜಿ ಚುಚ್ಚಿದ್ರೆ ಕಣ್ಣು ಕತ್ತಲೆ ಬರೋರು ನೀವು!"

ಬೇರೆ ದಿನವಾಗಿದ್ದರೆ ಅವನೂ ನಕ್ಕುಬಿಡುತ್ತಿದ್ದ. ಈಗ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ತನ್ನದು ಎಂದು ಅರ್ಥವಾದಷ್ಟೂ ಸಿಟ್ಟು ಬೇರೆ ಯಾರ ಮೇಲಾದರೂ ಇಳಿಯಲು ಹವಣಿಸುತ್ತಿತ್ತು. ಮಗುವನ್ನು ಅಷ್ಟು ಜನರ ಮುಂದೆ ನಗೆಪಾಟಲು ಮಾಡುವುದೆಂದರೇನು? ದೊಡ್ಡವರು ಅಂತ ಅಲ್ಲಿ ಯಾರೂ ಇರಲಿಲ್ಲವೇ? ಚಪ್ಪಲಿ ಮೆಟ್ಟಿ ಹೊರಟ.

"ಎಲ್ಲಿಗೆ?"

"ಆ ಟೀಚರನ್ನ ಕೇಳಿ ಬರ್ತೀನಿ."

"ಕೇಳಿ ಬನ್ನಿ, ಹೇಳಿ ಬರಬೇಡಿ," ಎಂದಳು ಹೆಂಡತಿ. ಅವನು ಆಗಲೇ ಬೀದಿಯ ಅರ್ಧ ದಾಟಿದ್ದ.

ದಳ ನಡೆಸುತ್ತಿದ್ದವರು ನಿವೃತ್ತರಾದ ಒಬ್ಬ ಟೀಚರು. ಕೊರಳಲ್ಲಿ ಯಾವಾಗಲೂ ಸೀಟಿ ಇರುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ 'ಸೀಟಿ ಟೀಚರ್' ಆಗಿದ್ದರು. ಶಾಲೆಯ ಮೈದಾನದ ಮೂಲೆಯಲ್ಲಿ ತಗಡಿನ ಶೆಡ್ಡು. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅವರು ಡೇರೆಯ ಗೂಟಗಳಿಗೆ ಮೆತ್ತಿದ ಮಣ್ಣು ಕೆರೆಯುತ್ತಿದ್ದರು.

"ಟೀಚರ್, ನಾನು ಟೈಲರು. ನಿಮ್ಮ ದಳದ—"

"ಗೊತ್ತು. ಕೂತ್ಕೊಳ್ಳಿ. ಆ ಗೂಟ ಹೀಗೆ ಕೊಡಿ."

ಜಗಳಕ್ಕೆಂದು ಬಂದವನಿಗೆ ಕೈಗೆ ಕೆಲಸ ಕೊಟ್ಟರೆ ಅರ್ಧ ಜಗಳ ಸತ್ತಂತೆ. ಗೂಟ ಎತ್ತಿಕೊಟ್ಟ. ಉಳಿದರ್ಧವನ್ನು ಮಾತ್ರ ಬಿಡಲಿಲ್ಲ.

"ನನ್ನ ಮಗಳನ್ನ ಎಲ್ಲರ ಮುಂದೆ ನಗೆಪಾಟಲು ಮಾಡಿಬಿಟ್ರಿ. ಪ್ರತಿಜ್ಞೆನೂ ಹೇಳಿಸಲಿಲ್ಲ. ಮಗು ಊಟ ಬಿಟ್ಟು ಮಲಗಿದೆ. ಇದೇನಾ ನೀವು ಕಲಿಸೋದು?"

ಟೀಚರು ತಲೆಯೆತ್ತಿದರು. "ಇಬ್ಬರು ನಕ್ಕರು. ಆ ಇಬ್ಬರ ಕೈಲೂ ಮೈದಾನ ಗುಡಿಸಿಸಿದೆ. ತೋಳು ಮುಚ್ಚಲಿ ಅಂತ ನಿಮ್ಮ ಮಗಳಿಗೆ ಸ್ವೆಟರ್ ಕೊಟ್ಟು ಹಾಕ್ಕೋ ಅಂದೆ. ಆ ಬಿಸಿಲಲ್ಲಿ ಹಾಕ್ಕೊಂಡೇ ನಿಂತಳು. ಆಮೇಲೆ ಒಬ್ಬಳನ್ನೇ ಈ ಶೆಡ್ಡಿಗೆ ಕರೆದು ಕೇಳಿದೆ, ಇದನ್ನ ಯಾರು ಹೊಲಿದದ್ದು ಅಂತ. ಏನು ಹೇಳಿದಳು ಗೊತ್ತಾ?"

"ನನ್ನ ಹೆಸರು ಹೇಳಿರ್ತಾಳೆ. ಹೇಳಲಿ. ಹೊಲಿದವನು ನಾನೇ."

"ಇಲ್ಲ. 'ನಮ್ಮಪ್ಪನಿಗೆ ಗೊತ್ತಿರಲಿಲ್ಲ ಟೀಚರ್. ಬ್ಯಾಡ್ಜು ಬಂದಿದೆ ಅಂತ ನಾನೇ ಸುಳ್ಳು ಹೇಳಿ ಹೊಲಿಸಿಕೊಂಡೆ' ಅಂದಳು."

ಟೈಲರು ಎತ್ತಿಕೊಂಡಿದ್ದ ಇನ್ನೊಂದು ಗೂಟ ಅವನ ಕೈಯಲ್ಲೇ ನಿಂತಿತು. ಬರುವಾಗ ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಬೈಗುಳಗಳೆಲ್ಲ ಮರೆತೇ ಹೋದವು. ಮನೆಯಲ್ಲಿ ಅವನ ಮೇಲೆ ಅಷ್ಟು ಕೂಗಾಡಿದ ಹುಡುಗಿ ಈ ಒಂದು ಮಾತು ಮಾತ್ರ ಬಾಯಿಬಿಟ್ಟಿರಲಿಲ್ಲ.

"ಸುಳ್ಳು ಅದು," ಎಂದ. "ಅವಳು ಏನೂ ಕೇಳಿರಲಿಲ್ಲ. ಉಪ್ಪು ತಿಂದವನು ನಾನು, ನೀರು ಕುಡಿದವಳು ಅವಳು. ಕಾಗದ ಕೊಡಿ ಟೀಚರ್, ತಪ್ಪು ನಂದು ಅಂತ ಬರೆದು ಸಹಿ ಹಾಕಿ ಕೊಡ್ತೀನಿ. ಮುಂದಿನ ವಾರವೇ ಪ್ರತಿಜ್ಞೆ ಹೇಳಿಸಿಬಿಡಿ."

"ಅವಳ ಕೆಲಸ ಒಂದು ಸಲ ನೀವು ಮಾಡಿದ್ದು ಸಾಲದಾ?"

ಟೈಲರು ಕೈಯಲ್ಲಿದ್ದ ಗೂಟದ ಮಣ್ಣು ಕೆರೆಯತೊಡಗಿದ.

"ಸುಳ್ಳು ಅಂತ ನನಗೆ ಆಗಲೇ ಗೊತ್ತು. ಅಪ್ಪನ ಮಾನ ಕಾಯೋಕೆ ಹೇಳಿದ ಸುಳ್ಳು. ಬೈಯೋಕೂ ಮನಸ್ಸು ಬರಲಿಲ್ಲ, ಬಿಡೋಕೂ ಆಗಲಿಲ್ಲ. ನಿಜ ಹೇಳ್ತೀನಿ ಅಂತ ಪ್ರತಿಜ್ಞೆ ಮಾಡೋ ಮಗು ಬಾಯಲ್ಲಿ ಸುಳ್ಳಿಟ್ಟುಕೊಂಡು ಹೇಗೆ ಹೇಳಬೇಕು? ಅವಳೇ ಬಂದು ನನ್ನ ಹತ್ರ ನಿಜ ಹೇಳಲಿ, ಅವತ್ತೇ ಹೇಳಿಸ್ತೀನಿ. ನೀವು ಹೋಗು ಅನ್ನಬೇಡಿ, ಬೇಡ ಅಂತಲೂ ಅನ್ನಬೇಡಿ. ನಿಮ್ಮ ಕೈಲಿ ಆಗುತ್ತಾ?"

"ಆಗುತ್ತೆ," ಎಂದ ಟೈಲರು. ಆಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಏಳುವಾಗ ಟೀಚರು, "ಬ್ಯಾಡ್ಜು ಮಾತ್ರ ಅಸಲಿಗಿಂತ ಚೆನ್ನಾಗಿ ತೆಗೆದಿದ್ರಿ," ಎಂದರು. ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ಅವನು ಕೈಮುಗಿದು ಬಂದ.

ಮನೆಗೆ ಬಂದು ಬಾಗಿಲು ತಟ್ಟಿ ಒಳಗೆ ಹೋದ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಮಂಚದ ತುದಿಯಲ್ಲಿ ಕೂತ. ಜೀವನದಲ್ಲಿ ಯಾವ ಗಿರಾಕಿಗೂ 'ತಪ್ಪಾಯಿತು' ಎನ್ನದ ಬಾಯಿ ಅದು. ತೋಳು ಗಿಡ್ಡವಾದರೆ ನಿಮ್ಮ ಕೈಯೇ ಉದ್ದ ಎಂದು ಹೇಳಿ ಕಳಿಸುತ್ತಿದ್ದವನು.

"ತಪ್ಪು ನಂದು ಮಗಳೇ. ನಿನ್ನ ಕೇಳಬೇಕಾಗಿತ್ತು."

ಮಗಳು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

"ಟೀಚರ್ ಹತ್ರ ಹೋಗಿದ್ದೆ."

ಅವಳು ಗಕ್ಕನೆ ಎದ್ದು ಕೂತಳು. "ಜಗಳ ಮಾಡಿದ್ಯಾ?"

"ಗೂಟ ಎತ್ತಿಕೊಟ್ಟೆ."

ಅವಳು ಅವನ ಮುಖವನ್ನೇ ನೋಡಿದಳು. ಅಪ್ಪನಿಗೆ ಎಲ್ಲ ಗೊತ್ತಾಗಿದೆ ಎಂದು ಅವಳಿಗೆ ತಿಳಿಯಿತು. ಕಣ್ಣು ತುಂಬಿತು, ಆದರೆ ದನಿಯಲ್ಲಿ ಇನ್ನೂ ಸಿಟ್ಟಿತ್ತು. "ನಿನ್ನ ನೋಡಿ ಅವರೆಲ್ಲ ನಗಬಾರದು ಅಂತ ಹಾಗೆ ಹೇಳಿದೆ. ನಿನ್ನ ಮೇಲೆ ಇನ್ನೂ ಕೋಪ ಇದೆ."

"ಇರಲಿ. ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಟುಕೋ."

ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. ಮುಂದಿನ ಭಾನುವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ವಾರ ಟೈಲರನಿಗೆ ಬಹಳ ಉದ್ದವಾಯಿತು. ಸೋಮವಾರ, ಮಂಗಳವಾರ ಅಂಗಿ ಟೇಬಲ್ಲಿನ ಮೇಲೆ ಹಾಗೇ ಬಿದ್ದಿತ್ತು. 'ಹೋಗ್ತೀಯಾ?' ಎಂಬ ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುತ್ತಿದ್ದ. "ಇಷ್ಟು ದಿನ ಈ ಸೂಜಿಗಳು ಎಲ್ಲಿದ್ವೋ," ಎಂದು ಹೆಂಡತಿ ಅಣಕಿಸಿದಳು. "ಮನೆ ಎಷ್ಟು ತಣ್ಣಗಿದೆ!"

ಬುಧವಾರ ಸಂಜೆ ಶಾಲೆಯಿಂದ ಬಂದ ಮಗಳು ಏನೂ ಹೇಳದೆ ಸ್ಟೂಲು ಎಳೆದುಕೊಂಡಳು. ಹೊಲಿಗೆ ಬಿಚ್ಚುವ ಸಣ್ಣ ಬ್ಲೇಡು ತೆಗೆದುಕೊಂಡು ಮೊದಲ ಬ್ಯಾಡ್ಜಿನ ಅಂಚಿಗೆ ಇಟ್ಟಳು. ಟೈಲರನ ಹೊಲಿಗೆ ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಅವನು ಮಾಡಿದ್ದರೆ ಐದು ನಿಮಿಷ. ಹೊಸ ತೋಳನ್ನೇ ಕತ್ತರಿಸಿ ಕೂರಿಸಿದ್ದರೂ ಅರ್ಧ ಗಂಟೆ. ಅವನ ಕೈ ಕಡಿಯತೊಡಗಿತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಎಳೆ ಎಳೆಯಾಗಿ ದಾರ ಕೀಳುತ್ತ ಅವಳು ಎರಡು ಕಡೆ ಬಟ್ಟೆ ಹರಿದಳು, ಒಂದು ಕಡೆ ಬೆರಳು ಕುಯ್ದುಕೊಂಡಳು. ರಕ್ತ ಕಂಡು ಟೈಲರನಿಗೇ ತಲೆ ತಿರುಗಿತು. ಅವಳು ತಾನೇ ಪಟ್ಟಿ ಕಟ್ಟಿಕೊಂಡು, ಅಪ್ಪನಿಗೆ ಒಂದು ಲೋಟ ನೀರು ಕೊಟ್ಟು ಮತ್ತೆ ಕೂತಳು.

ಮೂರನೆಯದು ಕಿತ್ತಾಗ ಕತ್ತಲಾಗುತ್ತಿತ್ತು. ತೋಳಿನ ತುಂಬ ಸೂಜಿಯ ಸಣ್ಣ ಸಣ್ಣ ತೂತು.

"ಹರಿದಲ್ಲಿ ಹೊಲಿಗೆ ಹೇಗೆ ಹಾಕೋದು, ತೋರಿಸು," ಎಂದಳು. "ಬೇರೆ ಚಿಂದಿ ಮೇಲೆ ತೋರಿಸು. ಇದನ್ನ ಮುಟ್ಟಬೇಡ."

ಅವನು ಚಿಂದಿಯ ಮೇಲೆ ತೋರಿಸಿದ. ಮೂವತ್ತು ವರ್ಷದಲ್ಲಿ ಎಷ್ಟೋ ಜನಕ್ಕೆ ಎಷ್ಟೋ ಹೊಲಿದು ಕೊಟ್ಟಿದ್ದ. ಹೇಗೆ ಹೊಲಿಯುವುದು ಎಂದು ಅವನನ್ನು ಕೇಳಿದವರಲ್ಲಿ ಇವಳೇ ಮೊದಲು. ಅವಳ ಹೊಲಿಗೆ ಕುಡುಕನ ನಡಿಗೆಯ ಹಾಗೆ ವಾಲಿಕೊಂಡು ಹೋಯಿತು. ಹೆಂಡತಿ ಬಾಗಿಲಲ್ಲಿ ನಿಂತು ಇಬ್ಬರ ಬಗ್ಗಿದ ತಲೆಗಳನ್ನು ನೋಡಿ, ಮಾತಾಡಿಸದೆ ದೀಪ ಹಾಕಿ ಹೋದಳು. ಇಂಥ ಹೆಂಡತಿ, ಇಂಥ ಮಗಳು, ತನ್ನಂಥ ಕೆಂಡಕ್ಕೆ ಹೇಗೆ ಸಿಕ್ಕರೋ ಎಂದುಕೊಂಡ ಟೈಲರು. ಯಾರಿಗೆ ಕೈಮುಗಿಯಬೇಕೆಂದು ಗೊತ್ತಾಗದೆ ಸೂಜಿಗೆ ದಾರ ಪೋಣಿಸಿಕೊಟ್ಟ.

ಭಾನುವಾರ ಬೆಳಿಗ್ಗೆ ಅವನು ಬೇಕೆಂದೇ ಬೇಗ ಅಂಗಡಿ ತೆಗೆದು, ಗಿರಾಕಿ ಇಲ್ಲದಿದ್ದರೂ ಒಂದು ಕೋಟಿನ ಅಸ್ತರು ಹಿಡಿದು ಕೂತ. ಒಳಗೆ ಪಾತ್ರೆಯ ಸದ್ದು, ಬಚ್ಚಲಿನ ನೀರಿನ ಸದ್ದು. ಆಮೇಲೆ ಸದ್ದಿಲ್ಲ. ಹೋಗುವುದಿಲ್ಲವೇನೋ ಎನ್ನುವಷ್ಟರಲ್ಲಿ ಮಗಳು ನೀಲಿ ಅಂಗಿ ತೊಟ್ಟು, ಕೊರಳಿಗೆ ಸ್ಕಾರ್ಫು ಕಟ್ಟಿಕೊಂಡು ಅಂಗಡಿಯ ಮೂಲಕ ಬಂದಳು.

"ಟೀಚರ್ ಹತ್ರ ಮಾತಾಡೋದಿದೆ," ಎಂದಳು.

"ಸರಿ."

"ನಿನ್ನ ಹೆಸರು ಬರುತ್ತೆ."

"ಬರಲಿ. ನಿಜ ತಾನೇ?"

ಅವಳು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಂಡಳು. 'ಜೊತೆಗೆ ಬರಲಾ' ಎಂಬ ಮಾತನ್ನು ತಡೆಯಲು ಟೈಲರು ಸೂಜಿ ಹುಡುಕಿದ, ಸಿಗಲಿಲ್ಲ. ಆದರೂ ಹೇಗೋ ನುಂಗಿಕೊಂಡ. ಅವಳು ಎದ್ದು, "ಬರ್ತೀನಪ್ಪ," ಎಂದು ಇಳಿದು ಹೋದಳು.

ಅವಳದು ಒಂದು ಚಾಳಿ. ಹೊರಟ ಮೇಲೆ ಎರಡು ಸಲವಾದರೂ ವಾಪಸು ಬರಬೇಕು, ಒಮ್ಮೆ ಪುಸ್ತಕಕ್ಕೆ, ಒಮ್ಮೆ ನೀರಿನ ಬಾಟಲಿಗೆ. ಇವತ್ತೂ ಬರುತ್ತಾಳೆಂದು ಟೈಲರು ಬಾಗಿಲಿಗೆ ಬಂದು ನಿಂತ. ಅವಳು ಬೀದಿ ದಾಟಿ, ತಿರುವಿನ ಹತ್ತಿರ ಒಂದು ಕ್ಷಣ ನಿಂತು, ಬೆನ್ನು ನೆಟ್ಟಗೆ ಮಾಡಿಕೊಂಡು ಮರೆಯಾದಳು. ಒಳಗಿನಿಂದ ಹೆಂಡತಿ, "ಬಂದಳೇನ್ರೀ ತಿರುಗಿ? ಬಾಟಲಿ ಇಲ್ಲೇ ಇದೆ!" ಎಂದು ಕೂಗಿದಳು.

ಅವನು ಸ್ವಲ್ಪ ಹೊತ್ತು ಕಾದ. ಅವಳು ಬರಲಿಲ್ಲ.