ಕೋಳಿಗೂಡಿನ ಬಾಗಿಲು

"ಬೇಸರ ಆಗುತ್ತಂತೆ ಅತ್ತಿಗೆ! ನನ್ನ ಆಟ ಆಡಿದ್ರೆ ಜನಕ್ಕೆ ಬೇಸರ ಆಗುತ್ತಂತೆ!"

ಮೈದುನ ಹೀಗೆಂದು ಸೋಫಾದ ತುದಿಯಲ್ಲಿ ಕುಕ್ಕರಿಸಿದ. ಮೂರು ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಎರಡು ವರ್ಷದ ಮೇಲೆ ಈ ಮನೆಯ ಹೊಸ್ತಿಲು ತುಳಿದವನು, ಹೇಗಿದ್ದೀರಿ ಎಂದು ಬಾಯಿಮಾತಿಗೂ ಕೇಳದೆ ನೇರ ತನ್ನ ಗೋಳಿಗೇ ಬಂದಿದ್ದ. ಅವನ ಅಣ್ಣ, ಅಂದರೆ ಅತ್ತಿಗೆಯ ಗಂಡ, ಕನ್ನಡಕದ ಅಂಗಡಿಯವನು. ಭಾನುವಾರವೂ ಬಿಡುವಿಲ್ಲದ ಪ್ರಾಣಿ. ಊಟದ ಮೇಜಿನ ಮೇಲೆ ಯಾರದೋ ಕನ್ನಡಕ ಬಿಚ್ಚಿ ಹರಡಿಕೊಂಡು ತಲೆ ಎತ್ತದೆ ಕೂತಿದ್ದ.

ಅತ್ತಿಗೆ ಚಹಾದ ಲೋಟವನ್ನು ಮೈದುನನ ಮುಂದಿಟ್ಟಳು. "ಅಯ್ಯೋ ಪಾಪ" ಅಂದಳು. ಒಳಗೆ ಮಾತ್ರ ಹೊಟ್ಟೆ ತಣ್ಣಗಾಗಿತ್ತು. ಎರಡು ವರ್ಷದಿಂದ ಅವಳು ಕಾದಿದ್ದು ಇದೊಂದು ಮಾತಿಗೇ.

ಅವನು 'ನನ್ನ ಆಟ' ಎನ್ನುತ್ತಿದ್ದನಲ್ಲ, ಅದು ಹುಟ್ಟಿದ್ದು ಇದೇ ಕೋಣೆಯಲ್ಲಿ, ಕಿಟಕಿ ಪಕ್ಕದ ಆ ಮೇಜಿನ ಮೇಲೆ. ಕಂಪ್ಯೂಟರಿನಲ್ಲಿ ಆಡುವ ಬೇಸಾಯದ ಆಟ. ಪಾಳುಬಿದ್ದ ಒಂದು ತುಂಡು ಹೊಲ ಕೈಗೆ ಬರುತ್ತದೆ. ಉಳಬೇಕು, ಬಿತ್ತಬೇಕು, ಕೋಳಿ ಸಾಕಬೇಕು, ಅಕ್ಕಪಕ್ಕದವರ ಜೊತೆ ನಂಟು ಬೆಳೆಸಬೇಕು. ಇಂಥವು ಹೊಸತೇನಲ್ಲ. ಅತ್ತಿಗೆ ಚಿಕ್ಕಂದಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಆಡಿದವಳು. ಒಂದರಿಂದ ಋತುಗಳನ್ನು ತೆಗೆದುಕೊಂಡಳು, ಇನ್ನೊಂದರಿಂದ ನೆರೆಯವರಿಗೆ ಉಡುಗೊರೆ ಕೊಡುವುದನ್ನು, ಮತ್ತೊಂದರಿಂದ ಹಿಂದೆ ಹಿಂದೆ ಓಡಿಬರುವ ನಾಯಿಯನ್ನು. ತೆಗೆದುಕೊಂಡದ್ದನ್ನು ಬಚ್ಚಿಡಲಿಲ್ಲ. ಆಟದ ಕೊನೆಯಲ್ಲಿ ಇದು ಇಂಥವರಿಂದ, ಅದು ಅಂಥವರಿಂದ ಎಂದು ಉದ್ದಕ್ಕೆ ಪಟ್ಟಿಯನ್ನೇ ಹಾಕಿದ್ದಳು. ಹಾಗೆ ಹೇಳಿದರೆ ನಾಲಿಗೆಯೇನು ಸವೆಯುತ್ತದೆಯೆ?

ಮೈದುನ ಪಕ್ಕದ ಮೇಜಿನಲ್ಲಿ ಮೂರು ವರ್ಷ ಕೂತು ಪ್ರೋಗ್ರಾಂ ಬರೆದುಕೊಟ್ಟ. ಒಂದು ದಿನ "ಕಂಪನೀಲಿ ಕೆಲಸ ಸಿಕ್ತು" ಎಂದು ಎದ್ದು ಹೋದ. ಎಂಟು ತಿಂಗಳಿಗೆ ಅವನ ಆಟ ಬಂತು. ಅದೇ ಹೊಲ, ಅದೇ ಬೇಲಿ, ಸೈಕಲ್ ತಳ್ಳಿಕೊಂಡು ಬರುವ ಅದೇ ಅಂಚೆಯವಳು. ಕೊನೆಯ ಪಟ್ಟಿಯಲ್ಲಿ ಅತ್ತಿಗೆಯ ಹೆಸರೂ ಇತ್ತು, ಅದರ ಮುಂದೆ 'ಚಿತ್ರಗಳಿಗೆ ಸಲಹೆ' ಎಂದು. ಸಾಲದ್ದಕ್ಕೆ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ, "ಅತ್ತಿಗೆ ಪಾಪ, ಕೋಳಿ ಚಿತ್ರ ಎಲ್ಲ ಬರ್ಕೊಟ್ರು" ಅಂದ. ಎಲ್ಲರೂ ತಲೆದೂಗಿದರು. ಅವತ್ತು ಬಾಯಿಗಿಟ್ಟ ತುತ್ತು ಅವಳ ಗಂಟಲಲ್ಲಿ ಇವತ್ತಿಗೂ ಇಳಿದಿಲ್ಲ.

ಅವನ ಆಟವನ್ನು ಅವಳು ನಾಲ್ಕು ತಿಂಗಳು ಆಡಿದಳು, ಹಲ್ಲು ಕಚ್ಚಿಕೊಂಡು. ನೀರು ಹಾಯಿಸುವುದು ಅವಳದಕ್ಕಿಂತ ಸಲೀಸಾಗಿತ್ತು. ಬೀಜದ ಚೀಲ ತನ್ನಷ್ಟಕ್ಕೆ ಓರಣವಾಗುತ್ತಿತ್ತು. ಕಳ್ಳನಾದರೂ ಕೈ ಚುರುಕು ಎಂದು ಅವಳೇ ಒಪ್ಪಿಕೊಂಡಳು. ಆದರೆ ಒಂಬತ್ತನೇ ದಿನದ ಆಟದಲ್ಲಿ ಕೋಳಿಗೂಡಿನ ಹತ್ತಿರ ಬಂದವಳು ಕೈ ನಿಲ್ಲಿಸಿ, ಒಬ್ಬಳೇ ಗಹಗಹಿಸಿ ನಕ್ಕಳು. ಗೂಡಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತ್ತು!

ಆ ಬಾಗಿಲೂ ಅತ್ತಿಗೆಯ ಸ್ವಂತದ್ದಲ್ಲ. ಬಹಳ ಹಳೆಯ ಒಂದು ಆಟದಲ್ಲಿ ಸಂಜೆ ಕೋಳಿಗೂಡನ್ನು ನಾವೇ ಹೋಗಿ ಮುಚ್ಚಬೇಕಿತ್ತು. ಮರೆತರೆ ಬೆಳಿಗ್ಗೆ ಒಂದು ಕೋಳಿ ಮಾಯ. ಆಡುವವರೆಲ್ಲ ಅದಕ್ಕೆ ಹಿಡಿಶಾಪ ಹಾಕುತ್ತಿದ್ದರು. ಅತ್ತಿಗೆ ಬಾಗಿಲನ್ನು ಹಾಗೆಯೇ ಇಟ್ಟುಕೊಂಡು, ಗೂಡಿನ ಬೆನ್ನಿಗೇ ಊರಿನ ಕಾಲುದಾರಿಯನ್ನು ಎಳೆದಳು. ಬಾಗಿಲು ಮುಚ್ಚಲು ಹೋದರೆ ಅಂಚೆಯವಳು ಮನೆಗೆ ಮರಳುತ್ತಿರುತ್ತಾಳೆ, ಕಮ್ಮಾರ ಮುಖ ತೊಳೆಯುತ್ತಿರುತ್ತಾನೆ, ಮೇಷ್ಟ್ರು ತಪ್ಪಿಸಿಕೊಂಡ ಮೇಕೆ ಹುಡುಕುತ್ತಿರುತ್ತಾರೆ. ಮಾತು, ಜಗಳ, ಸಲಿಗೆ, ಮದುವೆ ಎಲ್ಲ ಮೊಳೆಯುತ್ತಿದ್ದದ್ದು ಅಲ್ಲೇ. ದಾರಿಯನ್ನು ಹನ್ನೊಂದು ಕಡೆ ಎಳೆದು, ಅಳಿಸಿ, ಕೊನೆಗೆ ಅಲ್ಲಿ ನಿಲ್ಲಿಸಿದ್ದಳು. ಮೈದುನನ ಕಣ್ಣಿಗೆ ಬಾಗಿಲಿನ ರಗಳೆ ಮಾತ್ರ ಕಂಡಿತ್ತು, ತೆಗೆದುಹಾಕಿದ. ಈಗ ಅವನ ಆಟದಲ್ಲಿ ಸಂಜೆಯಾದರೆ ಆಡುವವರು ನೇರ ಹೋಗಿ ಮಲಗುತ್ತಾರೆ. ಕಮ್ಮಾರ ಯಾರೂ ಇಲ್ಲದ ದಾರಿಯಲ್ಲಿ ಒಬ್ಬನೇ ಮುಖ ತೊಳೆಯುತ್ತಾನೆ.

"ಮೂರನೇ ವಾರಕ್ಕೇ ಬಿಟ್ಟು ಹೋಗ್ತಾರೆ ಅತ್ತಿಗೆ" ಎಂದ ಮೈದುನ. "ಯಾಕೆ ಅಂದ್ರೆ ಅವ್ರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಂಪನಿಯೋರು ಇನ್ನೊಂದೇ ಸಲ ತಿದ್ದೋಕೆ ಬಿಡ್ತಾರಂತೆ. ಅದೂ ಕೈಕೊಟ್ರೆ ಆಟಾನೂ ಇಲ್ಲ, ನಾನೂ ಇಲ್ಲ."

"ಕೋಳಿ ಚಿತ್ರ ಬರೆಯೋಳನ್ನ ಕೇಳಿದ್ರೆ ಅವಳಿಗೇನು ಗೊತ್ತಾಗುತ್ತಪ್ಪ?"

ಮೇಜಿನ ಕಡೆಯಿಂದ ಗಂಡ ಕೆಮ್ಮಿದ.

"ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀರಾ? ಈ ಆಟಗಳಲ್ಲಿ ಎಲ್ಲರೂ ಎಲ್ಲರಿಂದ ತಗೋತಾರೆ. ನೀವೂ ತಗೊಂಡ್ರಿ. ನಾನೂ ತಗೊಂಡೆ, ಇನ್ನೂ ಚೆನ್ನಾಗಿ ಮಾಡ್ದೆ."

"ನಾನು ಯಾರಿಂದ ತಗೊಂಡೆ ಅಂತ ಬರೆದಿದೀನಿ. ನೀನು ಯಾರಿಂದ ತಗೊಂಡೆ? ಅದೊಂದು ಮಾತು ನಿನ್ನ ಬಾಯಿಂದ ಬರ್ಲಿ, ಇಲ್ಲೇ, ನಿಮ್ಮಣ್ಣನ ಎದುರಿಗೆ. ಆಮೇಲೆ ನಿನ್ನ ಆಟಕ್ಕೆ ಏನಾಗಿದೆ ಅಂತ ನಾನು ಹೇಳ್ತೀನಿ."

ಹೇಳಿಯೂ ಬಿಡುತ್ತಿದ್ದಳು. 'ಬಾಗಿಲು ವಾಪಸ್ಸು ಇಡೋ' ಎಂಬುದು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಎಷ್ಟೆಂದರೂ ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವರು.

ಮೈದುನ ಚಹಾ ಗುಟುಕರಿಸಿದ. ಅಣ್ಣನ ಕಡೆ ನೋಡಿದ, ಕಿಟಕಿ ಕಡೆ ನೋಡಿದ. "ಇಬ್ರೂ ಸೇರಿ ಮಾಡಿದ್ದು ಅಂತಾನೇ ಇಟ್ಕೊಳ್ಳೋಣ ಬಿಡಿ" ಎಂದ.

"ಇಟ್ಕೊಳ್ಳೋಣ" ಎಂದಳು ಅತ್ತಿಗೆ. ಬಂದ ಮಾತನ್ನು ನುಂಗಿಕೊಂಡು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. "ಸರಿ, ಬರ್ಕೋ. ನಿನ್ನ ಆಟ ಬಂದಾಗ ಜನ ಎಲ್ಲಕ್ಕಿಂತ ಜಾಸ್ತಿ ಹೊಗಳಿದ್ದು ಯಾವುದನ್ನ?"

ಮೈದುನ ಫೋನ್ ತೆಗೆದು ಬರೆದುಕೊಳ್ಳಲು ಸಿದ್ಧನಾದ. "ಕೋಳಿಗೂಡು ತಾನಾಗೇ ಮುಚ್ಚೋದನ್ನ. ರಗಳೆ ತಪ್ತು ಅಂದ್ರು."

"ನೋಡಿದ್ಯಾ? ಅಷ್ಟು ಒಳ್ಳೇ ಕೆಲಸ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೀಯ. ನೀರೂ ತಾನಾಗೇ ಹರೀಲಿ. ಕಳೆ ತಾನಾಗೇ ಕಿತ್ಕೊಳ್ಲಿ. ಹಸು ತಾನಾಗೇ ಹಾಲು ಕರ್ಕೊಳ್ಲಿ."

"ಹಸು ತಾನಾಗೇ…"

"ಕರ್ಕೊಂಡು ಪಾತ್ರೆ ತೊಳೆದಿಡ್ಲಿ. ಆಡೋರು ಸುಮ್ನೆ ಕೂತು ನೋಡಿದ್ರೆ ಸಾಕು."

"ಥತ್! ಇಷ್ಟು ಸುಲಭದ್ದು ನನಗೆ ಹೊಳೀಲೇ ಇಲ್ವಲ್ಲ!"

"ಇನ್ನೊಂದಿದೆ. ನೆರೆಯವ್ರಿಗೆ ಉಡುಗೊರೆ ಕೊಡೋಕೆ ಅವ್ರ ಮನೆ ತನಕ ಯಾಕೆ ಹೋಗ್ಬೇಕು? ಒಂದು ಗುಂಡಿ ಒತ್ತಿದ್ರೆ ಎಲ್ಲರಿಗೂ ಹೋಗ್ಲಿ. ಮಾತಾಡ್ಸೋ ತಾಪತ್ರಯಾನೇ ಬೇಡ."

ಮೈದುನನ ಬೆರಳು ಫೋನಿನ ಮೇಲೆ ಕುಣಿಯುತ್ತಿತ್ತು. ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದು ನಿಂತ. "ಈ ಸಲ ನಿಮ್ಮ ಹೆಸರು ದೊಡ್ಡದಾಗಿ ಹಾಕಿಸ್ತೀನಿ, ಅತ್ತಿಗೆ. ಆಣೆ!"

"ಬೇಡಪ್ಪ. ಇದು ನೂರಕ್ಕೆ ನೂರು ನಿನ್ನ ಸ್ವಂತದ್ದು ಅಂತಾನೇ ಹಾಕ್ಕೋ."

ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದು ಹೋದ ಸದ್ದು ಕೇಳಿಸಿತು. ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟ.

"ನನಗೆ ನಿಮ್ಮ ಆಟ ಅರ್ಥ ಆಗಲ್ಲ. ನಿನ್ನ ಮುಖ ಅರ್ಥ ಆಗುತ್ತೆ. ಏನು ಮಾಡಿದೆ ಈಗ?"

ಅವಳು ಬಾಗಿಲಿನ ಕತೆ, ದಾರಿಯ ಕತೆ ಎರಡನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

"ಅಂದ್ರೆ, ಈಗ ಹೋಗೋರು ಇನ್ನೂ ಬೇಗ ಹೋಗ್ತಾರೆ."

"ಮೂರು ವಾರ ಬೇಕಾಗಿತ್ತು. ಇನ್ಮೇಲೆ ಮೂರು ದಿನ."

"ಅವನ ಕೆಲಸ ಹೋಗುತ್ತೆ ಕಣೇ."

"ಹೋಗ್ಲಿ."

"ನನ್ನ ತಮ್ಮ ಅವನು."

"ನಾನು ನಿಮ್ಮ ಹೆಂಡ್ತಿ. ಅವತ್ತು ನಿಮ್ಮಮ್ಮನ ಮನೇಲಿ ಅವನು ಕೋಳಿ ಚಿತ್ರ ಅಂದಾಗ ನೀವು ಏನಂದ್ರಿ, ನೆನಪಿದ್ಯಾ?"

ಗಂಡನಿಗೆ ನೆನಪಿರಲಿಲ್ಲ.

"ಉಪ್ಪು ಕೊಡಿ ಅಂದ್ರಿ."

ಗಂಡ ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡ. "ನಾನು ಅವನಿಗೆ ಹೇಳ್ತೀನಿ."

"ಹೇಳಿ. ನಾನೇನು ನಿಮ್ಮ ಕೈ ಹಿಡ್ಕೊಂಡಿದೀನಾ?"

ಗಂಡ ನಂಬರ್ ಒತ್ತಿ ಫೋನನ್ನು ಕಿವಿಗಿಟ್ಟುಕೊಂಡ. ಅತ್ತಿಗೆ ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಕೆಳಗೆ ಮೈದುನ ಸ್ಕೂಟರಿಗೆ ಒರಗಿ ನಿಂತು ಆಗಲೇ ಯಾರ ಜೊತೆಗೋ, ಕಂಪನಿಯವರೇ ಇರಬೇಕು, ಮಾತಿಗಿಳಿದಿದ್ದ. ಬಲಗೈಯಲ್ಲಿ ಫೋನು, ಎಡಗೈ ಗಾಳಿಯಲ್ಲಿ ನೀರು ಹರಿಸುತ್ತಿತ್ತು, ಹಸುವಿನ ಹಾಲು ಕರೆಯುತ್ತಿತ್ತು. ಇತ್ತ ಗಂಡನ ಕಿವಿಯಲ್ಲಿ ಎಂಗೇಜ್ ಸದ್ದು. ಅವನು ಕತ್ತರಿಸಿ ಮತ್ತೆ ಒತ್ತಿದ. ಮತ್ತೆ ಎಂಗೇಜ್.