ಹುಳಿಮೇವು

"ಬಾಯ್ ತಗೀರಿ," ಎಂದಳು ಶೋಭಾರಾಣಿ.

ನಂಜುಂಡೇಶ ಹೊಸ್ತಿಲ ಆಚೆಯೇ ನಿಂತು ಬಾಯಿ ತೆರೆದ. ಅವನು ಕುಡಿತ ಬಿಟ್ಟು ವರ್ಷವಾಗುತ್ತ ಬಂದಿದ್ದರೂ, ದಿನಾ ಸಂಜೆ ಗಂಡನ ಬಾಯಿ ಮೂಸಿಯೇ ಒಳಗೆ ಬಿಡುವುದು ಆ ಮನೆಯ ಕಟ್ಟಳೆ. ಪೊಲೀಸರಾದರೂ ಗಾಡಿ ಓಡಿಸುವವರಿಂದಷ್ಟೇ ಊದಿಸುತ್ತಾರೆ. ಇವತ್ತೂ ಬಾಯಿ ಚೊಕ್ಕವಾಗಿತ್ತು. ಅಂಗಿಯಿಂದ ಮಾತ್ರ ಹುಳಿ ನಾತ.

"ಡ್ರಮ್ಮಿಂದು ಕಣಮ್ಮಿ. ಮುಚ್ಚಳದ ಸಂದೀಲಿ ರಸ ಒಸರ್ತಿತ್ತು, ಒರಸ್ದೆ. ಇನ್ನೊಂದ್ ವಾರ ಯಾರೂ ತಗೀಬಾರ್ದು. ಗಾಳಿ ಆಡುದ್ರೆ ಮೇವು ಕೊಳ್ತೋಯ್ತದೆ."

ನಂಜನಾಡಿನಲ್ಲಿ ಕ್ಯಾರೆಟ್ ತೊಳೆಯುವ ಮಿಷನ್ನಿನ ಕೆಲಸ ಅವನದು. ಸೀಳಿದ್ದು, ಮೊಂಡಾದದ್ದನ್ನೆಲ್ಲ ಅಲ್ಲಿ ಹಳ್ಳಕ್ಕೆ ಸುರಿಯುತ್ತಿದ್ದರು. ಚಳಿಗೆ ಪನಿ ಹೆಪ್ಪುಗಟ್ಟಿ ಗುಡ್ಡದ ಹುಲ್ಲು ಸುಟ್ಟು, ಇದ್ದೊಂದು ಹಸುವಿನ ಹಾಲು ಇಳಿದಾಗ, ಅವನು ಆ ಕ್ಯಾರೆಟ್ಟನ್ನು ಹೊತ್ತು ತಂದು ಕೊಚ್ಚಿ, ತೌಡು, ಬೆಲ್ಲ ಬೆರೆಸಿ, ಹುಳಿ ಬರಲೆಂದು ಎರಡು ನೀಲಿ ಡ್ರಮ್ಮಿಗೆ ತುಳಿದು ತುಂಬಿದ್ದ. ಕುಡಿತ ಬಿಟ್ಟ ಮೇಲೆ ಅವನು ತಾನಾಗಿ ಕೈಹಾಕಿದ ಮೊದಲ ಕೆಲಸ ಅದು.

ಬೆಲ್ಲ, ಡ್ರಮ್ಮು, ಮುಚ್ಚಳ ತೆಗೆಯಬಾರದೆಂಬ ಆಜ್ಞೆ. ಶೋಭಾರಾಣಿಗೆ ಕಳ್ಳಬಟ್ಟಿಯಲ್ಲದೆ ಇನ್ನೇನು ತೋಚೀತು? ಈಚಲ ಮರದಡಿ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ. ಇವನಂತೂ ಆ ಮರದಡಿಯಲ್ಲೇ ಹತ್ತು ವರ್ಷ ಹೆಂಡ ಕುಡಿದವನು. ಹಾಲಿನ ಕ್ಯಾನಿನಲ್ಲೇ ಬಾಟಲಿ ಬಚ್ಚಿಟ್ಟಿದ್ದ ಮನುಷ್ಯ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಮುಚ್ಚಳ ಕಿತ್ತಳು. ಹುಳಿ ನಾತ ಗಪ್ಪನೆ ಮೂಗಿಗೆ ಬಡಿಯಿತು. ಹಲ್ಲು ಕಚ್ಚಿ ಎರಡೂ ಡ್ರಮ್ಮನ್ನು ಉರುಳಿಸಿ ಅಂಗಳದಂಚಿನ ಚರಂಡಿಗೆ ಸುರಿದಳು.

ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡು ಬಂತು. ಚರಂಡಿಗೆ ಮೂತಿಯಿಟ್ಟು, ಹೊಡೆದರೂ ಅಲುಗದೆ, ಕೆಸರಿನ ಜೊತೆಗೇ ಬಾಚಿ ಬಾಚಿ ತಿಂದಿತು. ಶೋಭಾರಾಣಿಯ ಕೈಲಿದ್ದ ಕೋಲು ಇಳಿಯಿತು. ನಾಚಿಕೆಯಿಂದ ಸತ್ತುಹೋಗಬೇಕೆನ್ನಿಸಿತು. ಉಳಿದದ್ದನ್ನು ಬಾಚಿ ತುಂಬಲು ಹೋದಳು. ಎಲ್ಲ ಕೊಚ್ಚೆ ನೀರಿನಲ್ಲಿ ಬೆರೆತುಹೋಗಿತ್ತು.

ಸಂಜೆ ಬಂದ ನಂಜುಂಡೇಶ ಚರಂಡಿ ನೋಡಿದ. ಹಸುವಿನ ಬೆನ್ನು ಸವರಿದ.

"ಇದಾದ್ರೂ ನಂಬ್ತಲ್ಲ," ಎಂದ.

"ತಪ್ಪಾಯ್ತು. ಒಳೀಕ್ ಬನ್ನಿ, ಕಾಫಿ ಕಾಸ್ತೀನಿ."

ಅವನು ಬಂದ ದಾರಿಯಲ್ಲೇ ತಿರುಗಿ ಹೋದ.

ಕತ್ತಲಾಗುವ ಹೊತ್ತಿಗೆ ಮರಳಿದವನು ಹೊಸ್ತಿಲ ಆಚೆ ಬಾಗಿಲ ಚೌಕಟ್ಟು ಹಿಡಿದು ನಿಂತ. ಅವಳು ಕೇಳದಿದ್ದರೂ ಬಾಯಿ ತೆರೆದ. ಹೊಡೆದ ನಾತವನ್ನು ಡ್ರಮ್ಮಿನದು ಎಂದುಕೊಳ್ಳೋಣವೆಂದರೆ, ಅವನ ಬೆನ್ನ ಹಿಂದೆ ಎರಡೂ ಡ್ರಮ್ಮು ಅಂಗಳದಲ್ಲಿ ಖಾಲಿ ಬಿದ್ದಿದ್ದವು.

ಶೋಭಾರಾಣಿ ಉಸಿರು ಬಿಗಿಹಿಡಿದು ಪಕ್ಕಕ್ಕೆ ಸರಿದಳು.