ಮೂರು ತಿಂಗಳ ಉಸಿರು

“ಈ ಹುಡುಗಿ ಯಾಕೆ ಹೊರಗೆ ಕುಂತಿಲ್ಲ?”

ಒಲೆಯ ಮುಂದೆ ಕುಳಿತು ಓಬವ್ವ ಗಟ್ಟಿಯಾಗಿಯೇ ಕೇಳಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಜುಂಜಯ್ಯ ಕುರಿ ಹೊಡೆದುಕೊಂಡು ಹೋಗಿದ್ದ. ಅತ್ತೆ ನೆರೆಮನೆಗೆ ಹೋಗಿದ್ದಳು. ಮಗಳು ದೀಪಾ ಹೈಸ್ಕೂಲಿಗೆ ಹೋಗಿದ್ದಳು.

ಅವರ ಹಟ್ಟಿಯಲ್ಲಿ ಮುಟ್ಟಾದವರು ಮೂರು ದಿನ ಬೇಲಿಯಾಚೆಯ ಗುಡಿಸಲಲ್ಲಿರಬೇಕು. ಹಾಗಾಗಿ ಯಾರ ತಿಂಗಳು ಯಾವಾಗ ಎಂಬುದು ಎಲ್ಲರಿಗೂ ಬಾಯಿಪಾಠ. ಒಂಬತ್ತನೇ ಕ್ಲಾಸಿನ ದೀಪಾ ಮೂರು ತಿಂಗಳಿಂದ ಆ ಕಡೆ ಸುಳಿದಿರಲಿಲ್ಲ. “ಏನೇ ಓಬವ್ವ, ಅಜ್ಜಿ ಆಗ್ತೀಯಾ ಹೆಂಗೆ?” ಎಂದು ನಲ್ಲಿಯ ಹತ್ತಿರ ಒಬ್ಬಳು ನಕ್ಕಾಗ ಓಬವ್ವ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದಳು. ಮಗಳನ್ನು ಕೇಳಲು ಬಾಯಿ ಬರಲಿಲ್ಲ. ಕೇಳದೆ ಅನ್ನ ಇಳಿಯಲಿಲ್ಲ.

ಶನಿವಾರ ಶಾಲೆಯಲ್ಲಿ ತಂದೆತಾಯಿಯರ ಸಭೆ. ಮೈ ಬೆಳೆಯುವ ಬಗೆ, ಮುಟ್ಟು, ಬಸಿರು, ರೋಗ ಬಾರದಂತೆ ಕಾಯ್ದುಕೊಳ್ಳುವುದು, ಇವನ್ನೆಲ್ಲ ಮಕ್ಕಳಿಗೆ ಹೇಳಿಕೊಡಲು ಒಪ್ಪಿಗೆ ಬೇಕಿತ್ತು.

“ಇಂಥವೆಲ್ಲ ಹೇಳ್ಕೊಟ್ರೆ ಮಕ್ಳು ಕೆಡ್ತಾವೆ ಮೇಡಂ,” ಎಂದು ಚಿಕ್ಕತಿಮ್ಮಪ್ಪ ಎದ್ದು ನಿಂತ.

“ಕುಂತ್ಕಳ್ರಿ ಅಣ್ಣ,” ಎಂದಳು ಬಳೆ ಅಂಗಡಿಯ ಶಾಹಿಸ್ತಾ. “ನಿಮ್ಮ ಮಗ ಮೊಬೈಲ್‌ನಾಗೆ ಆಗ್ಲೇ ಕಲ್ತಾನೆ. ಮೇಡಂ ಹೇಳಿದ್ರೆ ನೆಟ್ಟಗಾದ್ರೂ ಕಲೀತಾನೆ.”

ಎಲ್ಲರೂ ನಕ್ಕರು. ಓಬವ್ವ ನಗಲಿಲ್ಲ, ಅವಳಿಗೂ ಚಿಕ್ಕತಿಮ್ಮಪ್ಪನ ಮಾತೇ ಸರಿ ಎನಿಸಿತ್ತು. ಆಗ ಶಾಲೆಯವರು ಕರೆಸಿದ್ದ ನರ್ಸಮ್ಮ ಮಾತಿಗೆ ನಿಂತಳು.

“ಹೊಸದ್ರಲ್ಲಿ ತಿಂಗಳು ತಪ್ಪೋದು ಐತೆ ಕಣ್ರಮ್ಮ. ತಪ್ಪಿದ್ದೆಲ್ಲ ಬಸಿರಲ್ಲ. ಮೂರು ತಿಂಗಳಾದ್ರೆ ಆಸ್ಪತ್ರೆಗೆ ಕರ್ಕೊಂಡು ಬರ್ರಿ, ಬೈಬ್ಯಾಡ್ರಿ.”

ಓಬವ್ವ ಒಪ್ಪಿಗೆಗೆ ಸಹಿ ಹಾಕಿದಳು. ಸೋಮವಾರ ಮಗಳನ್ನು ಹಿರಿಯೂರಿಗೆ ಕರೆದೊಯ್ದಳು. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ರಕ್ತ ಕಡಿಮೆಯಿದೆ, ಬೇರೇನೂ ಇಲ್ಲ ಎಂದು ಮಾತ್ರೆ ಬರೆದರು.

“ಅವ್ವಾ, ನಾನೇ ಹೇಳ್ಬೇಕಂತಿದ್ದೆ,” ಎಂದಳು ದೀಪಾ ಬಸ್ಸಿನಲ್ಲಿ. “ನೀನು ಹೊಡೀತೀಯ ಅಂತ ಸುಮ್ನಿದ್ದೆ.”

“ಹೊಡೀತಿದ್ದೆ ಕಣೇ,” ಎಂದು ಓಬವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದೆಯ ಮೇಲಿನ ಬೀಸುಕಲ್ಲು ಇಳಿದಿತ್ತು, ಮೂರು ತಿಂಗಳು ಕಟ್ಟಿದ್ದ ಉಸಿರು ಬಿಟ್ಟಿತ್ತು. ದಾರಿಯಲ್ಲಿ ಕಂಡ ಗುಡಿಗೆಲ್ಲ ಕೈ ಮುಗಿದಳು.

ಮನೆಯಲ್ಲಿ ಅತ್ತೆ ಹುಚ್ಚಕ್ಕ ಎಲ್ಲ ಕೇಳಿ, “ಸ್ವಾಮಿ ಕಾಪಾಡ್ದ,” ಎಂದು ಮೊಮ್ಮಗಳ ತಲೆ ಸವರಿದಳು. ಆಮೇಲೆ ದನಿ ತಗ್ಗಿಸಿದಳು.

“ನಮಗೇನೋ ಗೊತ್ತಾತು. ಮಂದಿ ಬಾಯಿ ಮುಚ್ಚೋರ್ಯಾರು? ಆಗದಿದ್ರೂ ಆಗೈತೆ ಅಂತ ಮೂರು ದಿನ ಗುಡಿಸಲಾಗೆ ಕುಂಡ್ರಿಸವ್ವ. ಇದೊಂದು ಮಾತು ನಡೆಸು.”

ಸೊಸೆಯಾಗಿ ಬಂದಂದಿನಿಂದ ಓಬವ್ವ ಅತ್ತೆಯ ಮಾತನ್ನು ಒಮ್ಮೆಯೂ ಮೀರಿದವಳಲ್ಲ.

“ಕುಂಡ್ರಿಸಲ್ಲ ಅತ್ತೆ,” ಎಂದಳು.